ಮಗಳು ವೀಲ್‌ಚೇರ್‌ನಲ್ಲಿದ್ದಾಳೆ. ಮಹಡಿ ಮೇಲಿನ ಸ್ವಂತ ಮನೆ ಬಿಡಬೇಕಾ, ಅಲ್ಲೇ ರಿಪೇರಿ ಮಾಡಿಸಬೇಕಾ?

ಹತ್ತು ವರ್ಷದ ಮಗಳು, ಕೆಳಗೆ ಅಂಗಡಿ, ಮೇಲೆ ನೀವು ಸಾಲ ಮಾಡಿ ಕಟ್ಟಿಸಿದ ಮೊದಲ ಮನೆ. ಬಿಡೋಕೆ ಮನಸ್ಸು ಬರುತ್ತಿಲ್ಲ ಅಂತ ಬರೆದಿದ್ದೀರಿ. ತೊಂದರೆ ಬರೀ ಬಚ್ಚಲು, ಬಾಗಿಲಿನದ್ದಾದರೆ ರಿಪೇರಿ ಮಾಡಿಸಿ. ಮೆಟ್ಟಿಲಿನದ್ದಾದರೆ ಮನೆ ಬದಲಿಸಿ. ಮಕ್ಕಳು ಬೆಳೀತಾರೆ, ನಮ್ಮ ಸೊಂಟದ ಶಕ್ತಿ ಬೆಳೆಯಲ್ಲ.

ನಾವು ಬಾಗಲಕೋಟೆ ನವನಗರದವರು. ನಮ್ಮದೂ ಮಹಡಿ ಮನೆಯೇ ಆಗಿತ್ತು. ನಮ್ಮ ಮಗನೂ ವೀಲ್‌ಚೇರ್‌ನಲ್ಲೇ, ಮನೆಯೊಳಗೆ ಹೇಗೋ ಓಡಾಡಿಕೊಂಡಿದ್ದ. ಕೆಳಗಿಳಿಯಬೇಕೆಂದರೆ ಮಾತ್ರ ಅವರಪ್ಪ ಕೆಲಸದಿಂದ ಬರೋತನಕ ಕಾಯಬೇಕು. ಹೋಳಿ ಬಂತೆಂದರೆ ಇಡೀ ಊರು ಬೀದಿಯಲ್ಲಿರುತ್ತೆ, ಇವನು ಬಾಲ್ಕನಿಯಲ್ಲಿ ಕೂತು ಹಲಗೆ ಸದ್ದು ಕೇಳಬೇಕು.

ಜಾಸ್ತಿ ಬೇಜಾರಾಗಿದ್ದು ನಮ್ಮ ಅತ್ತೆಗೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋದಮೇಲೆ ಕಟ್ಟಿಸಿದ ಮನೆ ಅದು. "ಒಮ್ಮೆ ಮುಳುಗಡಿಯಾಗಿ ಬಿಟ್ಟು ಬಂದೀವಿ, ಮತ್ತ ಬಿಡೂದೇನು?" ಅಂದರು. ಅವರಿಗೆ ವಾದ ಮಾಡಿ ಯಾರೂ ಗೆದ್ದಿಲ್ಲ, ನಾವೂ ಮಾಡಲಿಲ್ಲ. ಮನೆ ನೋಡೋಕೆ ಹೋದಲ್ಲೆಲ್ಲ ಅವರನ್ನೂ ಕರೆದುಕೊಂಡು ಹೋದೆವು. ಕೊನೆಗೆ, ದೇವರ ಕೋಣೆಯೊಳಗೆ ಮೊಮ್ಮಗನ ಕುರ್ಚಿ ಹೋಗುತ್ತಾ ಅಂತ ಮೊದಲು ನೋಡುತ್ತಿದ್ದವರೇ ಅವರು.

ನೀವೂ ಮಗಳನ್ನು, ಅವಳ ವೀಲ್‌ಚೇರನ್ನು ಜೊತೆಗೇ ಒಯ್ಯಿರಿ. ಸುಮ್ನೆ ಕಣ್ಣಳತೆ ನಂಬಬೇಡಿ. ನಮ್ಮ ಕಡೆ "ರ‍್ಯಾಂಪ್ ಐತ್ರಿ ಅಕ್ಕಾರ" ಅಂತ ತೋರಿಸುವುದು ಗೇಟಿನ ಮುಂದೆ ಬೈಕ್ ಹತ್ತಿಸುವ ಇಳಿಜಾರನ್ನು. ಬೈಕಿಗೆ ಎಂಜಿನ್ ಇದೆ, ಮಕ್ಕಳ ತೋಳಿಗಿಲ್ಲ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ನಮ್ಮಲ್ಲಿ ಮನೆಯ ತಳಪಾಯವನ್ನು ರಸ್ತೆಗಿಂತ ಎರಡೂವರೆ ಅಡಿ ಎತ್ತರಿಸುವುದು ಮಾಮೂಲು. ಅಂದರೆ 30 ಅಡಿ ರ‍್ಯಾಂಪ್. 30×40 ಸೈಟಿನಲ್ಲಿ ಮನೆ ಮುಂದೆ ಅಷ್ಟು ಜಾಗ ಎಲ್ಲಿರುತ್ತೆ? ನೆಲಮಹಡಿ ಅಂದಾಕ್ಷಣ ಖುಷಿಪಡಬೇಡಿ ಅಂತ ಹೇಳುವುದು ಇದಕ್ಕೇ.

ಬಚ್ಚಲಿನ ಬಾಗಿಲು ಸಾಮಾನ್ಯವಾಗಿ ಎರಡೂವರೆ ಅಡಿ ಇರುತ್ತೆ. ಚೌಕಟ್ಟು, ತೆರೆದ ಬಾಗಿಲಿನ ದಪ್ಪ ಕಳೆದರೆ ಉಳಿಯುವುದು ಕಡಿಮೆ. ದೊಡ್ಡವರ ವೀಲ್‌ಚೇರ್ ಅಗಲವೇ ಸುಮಾರು 26 ಇಂಚು. ಹಳೇ ಮನೆಯಲ್ಲಿ ನನ್ನ ಮಗನ ಬೆರಳ ಗೆಣ್ಣುಗಳು ಸದಾ ತರಚಿರುತ್ತಿದ್ದವು. ಚಕ್ರ ತಳ್ಳುವ ಕೈ ಚೌಕಟ್ಟಿಗೆ ಉಜ್ಜುತ್ತಿತ್ತು. ಬಾಗಿಲು ತೆರೆದಾಗ ಮೂರಡಿ ಜಾಗ ಸಿಗಲಿ, ಹೊರಗೆ ತೆರೆಯಲಿ. ಒಳಗೆ ಕುರ್ಚಿ ತಿರುಗಿಸೋಕೆ ಐದಡಿ ಬೇಕು. ಕಮೋಡ್ ಪಕ್ಕದ ಗೋಡೆ ಹಿಡಿಕೆಯ ಭಾರ ತಾಳುತ್ತಾ ಅಂತ ಗೌಂಡಿಯನ್ನು ಕರೆತಂದು ಕೇಳಿ. ನಾಲ್ಕಿಂಚಿನ ಗೋಡೆಗೆ ಬರೀ ಸ್ಕ್ರೂ ಹೊಡೆದರೆ ಕಿತ್ತುಬರುತ್ತೆ.

ಹೊಸ್ತಿಲು ಒಂದು ತಲೆನೋವು. ತೆಗೆಸೋಣ ಅಂದರೆ ಲಕ್ಷ್ಮಿ ಅನ್ನುತ್ತಾರೆ. ನಾವು ತೆಗೆಸಲಿಲ್ಲ. ಎರಡೂ ಬದಿಗೆ ಇಳಿಜಾರಾಗಿ ಕಟ್ಟಿಗೆ ಪಟ್ಟಿ ಕೂಡಿಸಿದೆವು. ಅರಿಷಿಣ ಕುಂಕುಮಕ್ಕೆ ಜಾಗ ಉಳಿಯಿತು, ಚಕ್ರಕ್ಕೂ ದಾರಿಯಾಯಿತು.

ದುಡ್ಡಿನ ಮಾತು. ನಿಮ್ಮದು ಎರಡು ವರ್ಷಕ್ಕಿಂತ ಹಳೇ ಮನೆ ಆಗಿದ್ದರೆ, ಮಾರಿದ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ, ಮಾರಿ ಬಂದ ಲಾಭದಲ್ಲಿ ಹೊಸ ಮನೆಗೆ ಹಾಕಿದಷ್ಟಕ್ಕೆ ಕ್ಯಾಪಿಟಲ್ ಗೇನ್ (ಆಸ್ತಿ ಮಾರಿದ ಲಾಭದ) ತೆರಿಗೆಯಿಂದ ವಿನಾಯಿತಿ ಇದೆ. ಮುಂಗಡ ತಗೊಳ್ಳುವ ಮೊದಲೇ ಲೆಕ್ಕಪರಿಶೋಧಕರ ಹತ್ತಿರ ಕೂತು ಮಾತಾಡಿ.

ಇನ್ನೊಂದು, ಬಚ್ಚಲಿನ ಕೆಲಸ ಪೂರ್ತಿ ಮುಗಿಸಿಯೇ ಸಾಮಾನು ಸಾಗಿಸಿ. "ಬಂದಮೇಲೆ ಮಾಡಿಕೊಡ್ತೀನ್ರೀ" ಅನ್ನುವ ಗೌಂಡಿ ದೀಪಾವಳಿಗೂ ಬರಲ್ಲ, ಯುಗಾದಿಗೂ ಬರಲ್ಲ.