ತಂದೆಯವರ ಪಿಎಸ್‌ಎ 7.8 ಬಂದಿದೆ, ಬಯಾಪ್ಸಿ ಮಾಡಿಸಬಹುದೇ?

ನಿಮ್ಮ ತಂದೆಯವರಿಗೆ 66 ವರ್ಷ, ಆರೋಗ್ಯ ತಪಾಸಣೆಯಲ್ಲಿ ಪಿಎಸ್‌ಎ 7.8 ಬಂದಿದೆ, ವೈದ್ಯರು ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು) ಮಾಡಿಸಲು ಹೇಳಿದ್ದಾರೆ, ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂದು ಬಂಧುಗಳು ತಡೆಯುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ, ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಪತ್ತೆಯಾದ ಮೇಲೆ ಶಸ್ತ್ರಚಿಕಿತ್ಸೆಯಿಲ್ಲದೆ ನಿಯಮಿತ ನಿಗಾದಲ್ಲಿರುವ ರೋಗಿ. ನಿಮ್ಮ ಮನೆಯ ಆತಂಕ ನನಗೆ ಚೆನ್ನಾಗಿ ಗೊತ್ತು.

ಮೊದಲು ಆ ಸಂಖ್ಯೆಯ ವಿಚಾರ. ಪಿಎಸ್‌ಎ ಎಂಬುದು ಪ್ರಾಸ್ಟೇಟ್ ಗ್ರಂಥಿ ಸಹಜವಾಗಿಯೇ ತಯಾರಿಸುವ ಒಂದು ಪ್ರೋಟೀನು. ರಕ್ತದಲ್ಲಿ ಅದು ಮಿಲಿಲೀಟರಿಗೆ 4 ನ್ಯಾನೋಗ್ರಾಂ ದಾಟಿದರೆ ಪ್ರಯೋಗಾಲಯದ ವರದಿಗಳು ಸಾಮಾನ್ಯವಾಗಿ ಹೆಚ್ಚೆಂದು ಗುರುತಿಸುತ್ತವೆ. ಆದರೆ ವಯಸ್ಸಿನಿಂದ ದಪ್ಪವಾದ ಗ್ರಂಥಿ, ಮೂತ್ರದ ಸೋಂಕು, ಇತ್ತೀಚೆಗೆ ಹಾಕಿದ ಕ್ಯಾಥೆಟರ್ (ಮೂತ್ರದ ನಳಿಕೆ), ಇವೆಲ್ಲವೂ ಅದನ್ನು ಏರಿಸಬಲ್ಲವು. ಆದ್ದರಿಂದ ಮೂತ್ರ ಪರೀಕ್ಷೆ ಮಾಡಿಸಿ, ಸೋಂಕಿದ್ದರೆ ಗುಣಪಡಿಸಿ, ಕೆಲವು ವಾರಗಳ ನಂತರ ಪಿಎಸ್‌ಎ ಮತ್ತೊಮ್ಮೆ ನೋಡಬಹುದೇ ಎಂದು ವೈದ್ಯರನ್ನು ಕೇಳಿ. ತಂದೆಯವರು ಈಗಾಗಲೇ ಪ್ರಾಸ್ಟೇಟಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರನ್ನು ತಪ್ಪದೆ ತೋರಿಸಿ. ಟ್ಯಾಮ್ಸುಲೋಸಿನ್ ಜೊತೆ ಡ್ಯುಟಾಸ್ಟೆರೈಡ್ ಸೇರಿದ ಮಾತ್ರೆಗಳು ನಮ್ಮಲ್ಲಿ ಬಹಳ ಬಳಕೆಯಲ್ಲಿವೆ. ಡ್ಯುಟಾಸ್ಟೆರೈಡನ್ನಾಗಲಿ ಫಿನಾಸ್ಟೆರೈಡನ್ನಾಗಲಿ ಆರು ತಿಂಗಳಿಗೂ ಮೇಲ್ಪಟ್ಟು ಸೇವಿಸಿದವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುವುದರಿಂದ, ಅಂಥವರ 7.8 ಅನ್ನು ಹೆಚ್ಚುಕಡಿಮೆ 16 ಎಂದೇ ಓದಬೇಕಾಗುತ್ತದೆ.

ಮರುಪರೀಕ್ಷೆಯಲ್ಲೂ ಹೆಚ್ಚಿದ್ದರೆ, ಬಯಾಪ್ಸಿಗೆ ಮುಂಚೆ ಪ್ರಾಸ್ಟೇಟಿನ ಎಂಆರ್‌ಐ ಮಾಡಿಸುವುದು ಈಗಿನ ಒಳ್ಳೆಯ ಪದ್ಧತಿ. ಅದರ ವರದಿಯಲ್ಲಿ ಕ್ಯಾನ್ಸರಿನ ಅನುಮಾನ ಎಷ್ಟೆಂದು ಹೇಳುವ, 1ರಿಂದ 5ರವರೆಗಿನ ಪೈರಾಡ್ಸ್ ಅಂಕವಿರುತ್ತದೆ; 4 ಅಥವಾ 5 ಬಂದರೆ ಬಯಾಪ್ಸಿಯನ್ನು ಮುಂದೂಡಬೇಡಿ. ಸೂಜಿಯಿಂದ ಪ್ರಾಸ್ಟೇಟ್ ಕ್ಯಾನ್ಸರ್ ಹರಡುವುದು ತೀರಾ ವಿರಳ, ಆ ಭಯಕ್ಕೆ ಪರೀಕ್ಷೆ ಬಿಡುವುದು ಖಂಡಿತ ಸರಿಯಲ್ಲ. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಸೋಂಕಿನ ಬಗ್ಗೆ. ಗುದದ್ವಾರದ ಮೂಲಕ ಮಾಡುವುದಕ್ಕಿಂತ, ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದ ಮೂಲಕ ಮಾಡುವ ವಿಧಾನದಲ್ಲಿ ಸೋಂಕಿನ ಅಪಾಯ ಕಡಿಮೆ. ನಿಮ್ಮ ಆಸ್ಪತ್ರೆಯಲ್ಲಿ ಆ ಸೌಲಭ್ಯವಿದೆಯೇ ಎಂದು ಕೇಳಿ.

ಕ್ಯಾನ್ಸರ್ ಎಂದೇ ತಿಳಿದುಬಂದರೂ ಮರುದಿನವೇ ಆಪರೇಷನ್ನಿಗೆ ಒಪ್ಪಬೇಕೆಂದೇನೂ ಇಲ್ಲ. ಬಯಾಪ್ಸಿ ವರದಿಯಲ್ಲಿ, ರೋಗ ಎಷ್ಟು ಉಗ್ರವೆಂದು ತಿಳಿಸುವ ಗ್ಲೀಸನ್ ಅಂಕ ನೋಡಿ. 6 ಇದ್ದರೆ ಅದು ಸಾಮಾನ್ಯವಾಗಿ ನಿಧಾನಗತಿಯ ರೋಗ, ನನ್ನಂತೆ ನಿಗಾದಲ್ಲಿರುವುದು ಮಾನ್ಯವಾದ ಆಯ್ಕೆ. 8ರಿಂದ 10 ಇದ್ದರೆ ಚಿಕಿತ್ಸೆಗೆ ತಡಮಾಡಬಾರದು. ಬ್ರಿಟನ್ನಿನಲ್ಲಿ ನಡೆದ ಪ್ರೊಟೆಕ್ಟ್ ಅಧ್ಯಯನದಲ್ಲಿ, ರೋಗ ಗ್ರಂಥಿಯೊಳಗೇ ಇದ್ದ 1643 ಪುರುಷರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪು ಮಾಡಿದ್ದರು. 2023ರಲ್ಲಿ ಪ್ರಕಟವಾದಂತೆ, ಸುಮಾರು 15 ವರ್ಷಗಳ ನಂತರ ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಮೂವರ ಆಸುಪಾಸು. ನಿಗಾದ ಗುಂಪಿನಲ್ಲಿ ರೋಗ ಹರಡಿದವರು ಹೆಚ್ಚಿದ್ದರು ಎಂಬುದೂ ಅಷ್ಟೇ ನಿಜ. ಅತ್ತ ಶಸ್ತ್ರಚಿಕಿತ್ಸೆಯಾದವರಲ್ಲಿ ಮೂತ್ರ ಸೋರುವುದು, ಲೈಂಗಿಕ ಶಕ್ತಿ ಕುಂದುವುದು ಹೆಚ್ಚು. ಈ ಎರಡನೆಯದನ್ನು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ; ನಿಮ್ಮ ತಂದೆಯವರು ವೈದ್ಯರೊಡನೆ ಒಬ್ಬರೇ ಮಾತನಾಡಲು ಅವಕಾಶ ಮಾಡಿಕೊಡಿ.

ಅವರಿಗೆ ಬಿಡದ ಬೆನ್ನುನೋವು, ಮೂಳೆನೋವು, ತೂಕ ಇಳಿಕೆ ಇದ್ದರೆ ಮೇಲೆ ಹೇಳಿದ ಕಾಯುವಿಕೆ ಅನ್ವಯಿಸುವುದಿಲ್ಲ, ಈ ವಾರವೇ ಮೂತ್ರರೋಗ ತಜ್ಞರನ್ನು ಕಾಣಿ. ಕಾಲುಗಳಲ್ಲಿ ಬಲ ಕುಂದಿದರೆ ಅಂದೇ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಕೊನೆಗೆ ಕ್ಯಾನ್ಸರ್ ಖಚಿತವಾದಲ್ಲಿ ಅವರ ಗಂಡುಮಕ್ಕಳಿಗೂ ಅಪಾಯ ಸುಮಾರು ಇಮ್ಮಡಿಯಾಗುವುದರಿಂದ, ಅವರು 45ರ ಹೊತ್ತಿಗೆ ತಮ್ಮ ಪಿಎಸ್‌ಎ ಪರೀಕ್ಷೆಯ ಬಗ್ಗೆ ವೈದ್ಯರೊಡನೆ ಚರ್ಚಿಸಬೇಕು.