'ಕ್ಲೋರಿನ್ ಮುಕ್ತ' ಅಂತ ಬರೆದಿದ್ದರೆ ಸಾಕಾ?

ನೋಟ್‌ಬುಕ್ ಮಾಡಿಸೋಕೆ ಕಾಗದ ಹುಡುಕುತ್ತಿದ್ದೀರಿ, 'ಕ್ಲೋರಿನ್ ಮುಕ್ತ' ಮತ್ತು 'ಎಫ್‌ಎಸ್‌ಸಿ' (ಮರ ಸರಿಯಾಗಿ ನೋಡಿಕೊಂಡ ಕಾಡಿನಿಂದ ಬಂದದ್ದು ಅನ್ನುವ ಗುರುತು) ಎರಡೂ ಇದ್ದರೆ ಕಣ್ಣು ಮುಚ್ಚಿ ತಗೋಬಹುದಾ ಅಂತ ಕೇಳಿದ್ದೀರಿ. ಸ್ವಲ್ಪ ತಡೀರಿ.

ಮರದ ತಿರುಳಿನಲ್ಲಿ ಲಿಗ್ನಿನ್ (ಮರದ ನಾರುಗಳನ್ನು ಹಿಡಿದಿಡುವ ಅಂಟು) ಉಳಿದರೆ ಕಾಗದ ಕಂದಾಗಿರುತ್ತದೆ, ರಟ್ಟಿನ ಪೆಟ್ಟಿಗೆಯ ಬಣ್ಣ ಇರುತ್ತಲ್ಲ, ಹಾಗೆ. ಅದನ್ನು ಬಿಳಿ ಮಾಡಲು ಹಿಂದೆ ಕ್ಲೋರಿನ್ ಅನಿಲ ಬಳಸುತ್ತಿದ್ದರು. ಆಗ ಹುಟ್ಟಿದ ಡಯಾಕ್ಸಿನ್ ಎಂಬ ವಿಷ ನದಿಗೆ ಸೇರಿ ಮೀನಿನ ಕೊಬ್ಬಿನಲ್ಲಿ ಕೂರುತ್ತಿತ್ತು. ಈಗ 'ಇಸಿಎಫ್' ಅಂದರೆ ಆ ಅನಿಲ ಇಲ್ಲ, ಆದರೆ ಕ್ಲೋರಿನ್ ಡೈಆಕ್ಸೈಡ್ ಇರುತ್ತದೆ. 'ಟಿಸಿಎಫ್' ಅಂದರೆ ಕ್ಲೋರಿನ್ನಿನ ಸುದ್ದಿಯೇ ಇಲ್ಲ, ಆಮ್ಲಜನಕ, ಓಝೋನ್, ಪೆರಾಕ್ಸೈಡ್ ಇಂಥವು. ಮಾರುವವರು ಕೆಲವೊಮ್ಮೆ ಎರಡಕ್ಕೂ 'ಕ್ಲೋರಿನ್ ಮುಕ್ತ' ಅಂದುಬಿಡುತ್ತಾರೆ. ಯಾವುದು ಅಂತ ಬರಹದಲ್ಲೇ ಕೇಳಿ. ಇಸಿಎಫ್ ಕೆಟ್ಟದ್ದು ಅಂತಲ್ಲ, ಡಯಾಕ್ಸಿನ್ ತುಂಬಾ ಕಡಿಮೆಯಾಗಿದ್ದೇ ಅದರಿಂದ.

ಎಫ್‌ಎಸ್‌ಸಿ 1993ರಲ್ಲಿ ಶುರುವಾದದ್ದು, ಅದರ ಗಮನ ಜಾಸ್ತಿ ಕಾಡಿನ ಮೇಲೆ: ಮರ ಎಲ್ಲಿಂದ ಬಂತು, ಅಲ್ಲಿನ ಮೂಲನಿವಾಸಿಗಳ ಒಪ್ಪಿಗೆ ಇತ್ತಾ, ಕೂಲಿಯವರ ಹಕ್ಕು ಏನಾಯ್ತು. ಕಾರ್ಖಾನೆ ಹೊಳೆಗೆ ಎಂಥಾ ನೀರು ಬಿಡುತ್ತದೆ ಅಂತ ಆ ಗುರುತು ಹೇಳುವುದಿಲ್ಲ, ಜನ ಎಡವುವುದು ಇಲ್ಲೇ. ಹಾಗಾಗಿ ಒಂದು ಟನ್ ಕಾಗದಕ್ಕೆ ಎಷ್ಟು ನೀರು, ಹೊರಬಿಡುವ ನೀರಿನ ಸಿಒಡಿ (ನೀರು ಎಷ್ಟು ಕೊಳೆಯಾಗಿದೆ ಅನ್ನುವ ಅಳತೆ) ಎಷ್ಟು ಅಂತ ಬೇರೆಯಾಗಿ ಕೇಳಿ. ಲೆಕ್ಕ ಇಟ್ಟಿರುವವರು ಕೊಡುತ್ತಾರೆ, ಇಲ್ಲದವರು ಹಸಿರು ಎಲೆಯ ಚಿತ್ರ ಕಳಿಸುತ್ತಾರೆ.

ಅಂದ ಹಾಗೆ, ಎಫ್‌ಎಸ್‌ಸಿ ಗುರುತಿನ ಕೆಳಗೆ ಒಂದು ಪರವಾನಗಿ ಸಂಖ್ಯೆ ಇರುತ್ತದೆ, ಅದನ್ನು ಅವರ ತಾಣದಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ.