ಟ್ಯಾಬ್ ಮೇಲೆ ಜಾರಿ ಬಂದ ಒಂದು ಸಾಲು

(ಕುಟುಂಬದ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ತಾಯಿ ಮಗನನ್ನು ನನ್ನ ಹತ್ತಿರ ಆಪ್ತಸಲಹೆಗೆ ಕರೆದುಕೊಂಡು ಬಂದಿದ್ದರು. ಹುಡುಗನಿಗೆ 11 ವರ್ಷ. ಮೂರು ವಾರದಿಂದ ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು, ಶಾಲೆಗೆ ಹೋಗಲ್ಲ ಅಂತ ಅಳು. ವೈದ್ಯರು ಪರೀಕ್ಷೆ ಮಾಡಿ ಏನೂ ತೊಂದರೆ ಇಲ್ಲ ಅಂದಿದ್ದರು. ಜೊತೆಗೆ, ರಾತ್ರಿ ಎದ್ದು ಬಂದು ತಾಯಿಯ ಮಂಚದ ಪಕ್ಕ ಸುಮ್ಮನೆ ನಿಲ್ಲುತ್ತಿದ್ದನಂತೆ.

ಅವನೊಬ್ಬನ ಜೊತೆ ಕೂತು ಮಾತಾಡಿದೆ. ಶಾಲೆಯ ಬಗ್ಗೆ ಕೇಳಿದ್ದಕ್ಕೆಲ್ಲ ಚೆನ್ನಾಗಿಯೇ ಉತ್ತರ ಕೊಟ್ಟ. ಕೊನೆಗೆ ರಾತ್ರಿಯ ವಿಷಯ ಕೇಳಿದೆ. ತುಂಬಾ ಹೊತ್ತು ತಲೆ ತಗ್ಗಿಸಿ ಕೂತಿದ್ದು, "ಅಮ್ಮ ಉಸಿರಾಡ್ತಿದ್ದಾಳಾ ಅಂತ ನೋಡಿ ಬರ್ತೀನಿ" ಅಂದ.

ಮಿಕ್ಕದ್ದು ನಿಧಾನವಾಗಿ ಹೊರಗೆ ಬಂತು. ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಟ್ಯಾಬ್. ಅವನು ಅದರಲ್ಲಿ ಗಣಿತದ ಪಾಠ ನೋಡುತ್ತಿದ್ದಾಗ ಮೇಲಿನಿಂದ ಒಂದು ಸಾಲು ಜಾರಿ ಬಂತು. ನನ್ನ ಮೇಜಿನ ಮೇಲೆ ಬೆರಳಿಟ್ಟು ತೋರಿಸಿದ: "ಹೀಗೆ ಬಂತು, ಓದೋದ್ರೊಳಗೆ ಹೀಗೆ ಮೇಲೆ ಹೋಯ್ತು." ಆದರೆ ಓದಿದ್ದ. ತಾಯಿಯ ಹೆಸರು, 'ಬಯಾಪ್ಸಿ' ಅನ್ನುವ ಪದ, ಒಂದು ದಿನಾಂಕ. ಆ ಪದ ಏನು ಅಂತ ಹುಡುಕಲು ಹೋದ. ಹುಡುಕುವ ಜಾಗವನ್ನು ಮುಟ್ಟಿದ್ದೇ ತಡ, ಹಿಂದೆ ಹುಡುಕಿದ್ದೆಲ್ಲ ಸಾಲಾಗಿ ಇಳಿದು ಬಂತು, ಪ್ರತಿಯೊಂದರ ಪಕ್ಕ ಪುಟ್ಟ ಗಡಿಯಾರದ ಗುರುತು. ಮೊದಲನೆಯದು, 'ಎದೆಯಲ್ಲಿ ಗಂಟು, ನೋವಿಲ್ಲ, ಕ್ಯಾನ್ಸರಾ?'

ಅದನ್ನು ಆ ಮಗು ಮೂರು ವಾರ ಒಬ್ಬನೇ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ಯಾರಿಗೂ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಅಮ್ಮಂದು ಕದ್ದು ನೋಡಿದೆ ಅಂತ ಬೈತಾರೆ." ಭಯದ ಜೊತೆ ತಪ್ಪು ಮಾಡಿದ ಭಾವನೆಯೂ ಸೇರಿಕೊಂಡಿತ್ತು.

ತಾಯಿಗೆ ನಾನೇ ಹೇಳಲಾ ಅಂತ ಅವನನ್ನು ಕೇಳಿದೆ. ಹೂಂ ಅಂದ.

ಅವರು ಕೇಳಿ ಅತ್ತುಬಿಟ್ಟರು. ಬಯಾಪ್ಸಿ ಆಗಿತ್ತು, ವರದಿಯೂ ಬಂದಿತ್ತು. ಕ್ಯಾನ್ಸರ್ ಅಲ್ಲ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ, ಇವರದ್ದೂ ಅಂಥದ್ದೇ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ತೋರಿಸಿದರೆ ಸಾಕು ಅಂದಿದ್ದರಂತೆ. ಮಕ್ಕಳಿಗೆ ಸುಮ್ನೆ ಗಾಬರಿ ಯಾಕೆ ಅಂತ ಗಂಡ ಹೆಂಡತಿ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಹುಡುಕಿದ್ದೆಲ್ಲ ತಮ್ಮ ಫೋನಿನಲ್ಲಿ, ರಾತ್ರಿ ಹೊತ್ತು. ಫೋನಿಗೂ ಟ್ಯಾಬಿಗೂ ಒಂದೇ ಅಕೌಂಟ್ ಹಾಕಿದ್ದರಿಂದ ಅಲ್ಲಿ ಹುಡುಕಿದ್ದು ಇಲ್ಲೂ ಕಾಣುತ್ತದೆ ಅನ್ನುವುದು ಅವರಿಗೆ ಹೊಳೆದೇ ಇರಲಿಲ್ಲ. ಹೀಗಾಗಿ ಭಯದ ಸುದ್ದಿ ಮಾತ್ರ ಟ್ಯಾಬಿಗೆ ಬಂದಿತ್ತು. ಸಮಾಧಾನದ ಸುದ್ದಿ ಕಾಗದದಲ್ಲಿ ಬಂದು ಬೀರುವಿನಲ್ಲಿ ಕೂತಿತ್ತು.

ನಾನು ಕೊಟ್ಟ ಮೊದಲ ಸಲಹೆಗೂ ಟ್ಯಾಬಿಗೂ ಸಂಬಂಧವಿಲ್ಲ. ಈಗಲೇ, ಇಲ್ಲೇ ಅವನಿಗೆ ಹೇಳಿ ಅಂದೆ. ಗಂಟು ಇತ್ತು, ಸೂಜಿಯಿಂದ ಸ್ವಲ್ಪ ತೆಗೆದು ನೋಡಿದರು, ಕ್ಯಾನ್ಸರ್ ಅಲ್ಲ, ಮತ್ತೆ ಯಾವಾಗ ಹೋಗಬೇಕು. ಇಷ್ಟು, ನೇರವಾದ ಮಾತಿನಲ್ಲಿ. 'ಏನೂ ಇಲ್ಲ ಪುಟ್ಟ' ಅನ್ನಬೇಡಿ, ಏನೋ ಇದೆ ಅಂತ ಅವನು ಓದಿದ್ದಾನಲ್ಲ. ನೀನು ನೋಡಿದ್ದು ತಪ್ಪಲ್ಲ, ಅದು ತಾನಾಗಿ ನಿನ್ನ ಮುಂದೆ ಬಂತು ಅಂತಲೂ ಹೇಳಿಸಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಆ ಕಾಗದ ನಾನು ನೋಡಬಹುದಾ?" ಮನೆಗೆ ಹೋದ ಮೇಲೆ ತೋರಿಸಿದರು.

ಎರಡನೇ ಭೇಟಿಗೆ ತಂದೆಯೂ 16 ವರ್ಷದ ಮಗಳೂ ಬಂದರು. ತಂದೆ ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದರು. "ಇನ್ನು ಮೇಲೆ ಮುಚ್ಚುಮರೆಯೇ ಬೇಡ ಮೇಡಂ. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್. ಯಾರು ಯಾರದ್ದನ್ನು ಬೇಕಾದರೂ ನೋಡಲಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮಗಳು ಕೂತಲ್ಲೇ ಮುದುಡಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, "ನಾನು ಫ್ರೆಂಡ್ ಹತ್ರ ಅತ್ತುಕೊಂಡು ಬರೆದಿದ್ದನ್ನೂ ಓದ್ತೀರಾ ಅಪ್ಪ?" ಅಂತ ಕೇಳಿದಳು.

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಒಬ್ಬರ ಕಾಗದಪತ್ರ ಇನ್ನೊಬ್ಬರ ಕೈಗೆ ಸಿಗದಂತೆ ಇಡುವುದಕ್ಕೆ ಮುಚ್ಚುಮರೆ ಅನ್ನಬೇಕಾಗಿಲ್ಲ. ಯಾವುದನ್ನು, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕು ಅನ್ನುವುದು ಹೇಳುವವರಿಗೆ ಬಿಟ್ಟಿದ್ದು. ಈ ತಾಯಿಗೆ ಆ ಅವಕಾಶವೇ ಸಿಗಲಿಲ್ಲ, ಟ್ಯಾಬ್ ಮೊದಲೇ ಹೇಳಿಬಿಟ್ಟಿತ್ತು. ತಂದೆಗೆ ಇದನ್ನೇ ಹೇಳಿದೆ. ನಿಮ್ಮ ಸಂಬಳ, ಸಾಲದ ಮೆಸೇಜು ಮಗನ ಪಾಠದ ನಡುವೆ ಬಂದರೆ ನಿಮಗೆ ಹೇಗನ್ನಿಸುತ್ತದೆ ಅಂತ ಕೇಳಿದೆ. ಅವರು ಯೋಚನೆ ಮಾಡಿದರು.

ಆಮೇಲೆ ನಾಲ್ವರೂ ಟ್ಯಾಬನ್ನು ನಡುವೆ ಇಟ್ಟುಕೊಂಡು ಕೂತರು. ಅವರದ್ದು ಆಂಡ್ರಾಯ್ಡ್. ಅಂಥ ಟ್ಯಾಬ್‌ಗಳಲ್ಲಿ ಒಬ್ಬೊಬ್ಬರಿಗೂ ಬೇರೆ ಬಳಕೆದಾರರನ್ನು ಮಾಡುವ ಸೌಲಭ್ಯ 2012ರಿಂದಲೇ ಇದೆ. ಎಷ್ಟೋ ಮನೆಗಳಲ್ಲಿ ಅದನ್ನು ತೆರೆದೇ ನೋಡಿರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಯೂಸರ್ಸ್' ಅಂತ ಹುಡುಕಿದರೆ ಸಿಗುತ್ತದೆ. ಹೀಗೆ ಮಾಡಿದರೆ ಮೇಲ್, ಫೋಟೋ, ಹುಡುಕಿದ ಪಟ್ಟಿ ಎಲ್ಲ ಅವರವರ ಕಡೆಯೇ ಉಳಿಯುತ್ತವೆ. ಮೂವರು ದೊಡ್ಡವರಿಗೆ ಮೂರು ಲಾಕ್, ಮಗಳನ್ನೂ ದೊಡ್ಡವಳೆಂದೇ ಎಣಿಸಿದೆವು. ಹುಡುಗನ ಕಡೆ ಪೋಷಕರ ನಿಯಂತ್ರಣ ಇರಲಿ, ಆದರೆ ಏನೇನು ನೋಡುತ್ತೇವೆ ಅಂತ ಅವನಿಗೆ ಮೊದಲೇ ಹೇಳಿ ಅಂದೆ. ನೆಂಟರ ಮಕ್ಕಳು ಬಂದರೆ ಗೆಸ್ಟ್ ಇದೆಯಲ್ಲ.

ಮನೆಬಳಕೆಯ ಐಪ್ಯಾಡ್‌ನಲ್ಲಿ ಹೀಗೆ ಬೇರೆ ಬೇರೆ ಬಳಕೆದಾರರನ್ನು ಮಾಡಲು ಬರುವುದಿಲ್ಲ. 2024ರ ಆವೃತ್ತಿಯಿಂದ ಒಂದೊಂದು ಆ್ಯಪಿಗೆ ಬೀಗ ಹಾಕಬಹುದು, ಆದರೆ ಪಾಸ್‌ಕೋಡ್ ಎಲ್ಲರಿಗೂ ಗೊತ್ತಿದ್ದರೆ ಆ ಬೀಗ ಅಷ್ಟಕ್ಕಷ್ಟೇ. ಅಂಥ ಮನೆಯವರಿಗೆ ನಾನು ಹೇಳುವುದು, ಸ್ವಂತ ಮೇಲ್ ಮತ್ತು ಮೆಸೇಜುಗಳನ್ನು ಅದರಲ್ಲಿ ಇಡಲೇಬೇಡಿ. ನೋಟಿಫಿಕೇಶನ್‌ನಲ್ಲಿ ಒಳಗಿನ ಬರಹ ಕಾಣದಂತೆ ಮಾಡಿ.

ತಾಯಿ ಇನ್ನೊಂದು ಕೇಳಿದರು. ಇನ್‌ಕಾಗ್ನಿಟೋದಲ್ಲಿ, ಅಂದರೆ ಬ್ರೌಸರಿನ ಗುಪ್ತ ಕಿಟಕಿಯಲ್ಲಿ, ಹುಡುಕಿದ್ದರೆ ಸಾಕಿತ್ತಲ್ವಾ? ಹುಡುಕಿದ ಪಟ್ಟಿ ಉಳಿಯುತ್ತಿರಲಿಲ್ಲ, ನಿಜ. ಇಳಿಸಿಕೊಂಡ ಫೈಲು ಮಾತ್ರ ಇಳಿಸಿದ ಫೋನಿನಲ್ಲೋ ಟ್ಯಾಬಿನಲ್ಲೋ ಹಾಗೇ ಇರುತ್ತದೆ. ಮೇಲಿನಿಂದ ಜಾರಿ ಬರುವ ಆ ಸಾಲಿಗಂತೂ ಇನ್‌ಕಾಗ್ನಿಟೋ ಏನೂ ಮಾಡದು. ಫೋನಿನ ಮೆಸೇಜ್ ಆ್ಯಪ್ ಟ್ಯಾಬಿಗೂ ಜೋಡಣೆ ಆಗಿದೆಯಾ ಅಂತ ನೋಡಿಸಿದೆ. ತಂದೆಯದ್ದು ಆಗಿತ್ತು, ಎರಡು ವರ್ಷದ ಹಿಂದೆ ಯಾವಾಗಲೋ ಮಾಡಿ ಮರೆತಿದ್ದರು. 'ಲಿಂಕ್ಡ್ ಡಿವೈಸಸ್' ತೆರೆದು ಅಲ್ಲೇ ತೆಗೆದರು.

ಎಲ್ಲ ಮನೆಗೂ ನಾನು ಇದೇ ಸಲಹೆ ಕೊಡುವುದಿಲ್ಲ. ಮನೆಯಲ್ಲಿ ಯಾರಾದರೂ ಹೆದರಿಸಿ ಹದ್ದುಬಸ್ತಿನಲ್ಲಿ ಇಟ್ಟುಕೊಂಡಿದ್ದರೆ, ದಿಢೀರನೆ ಪಾಸ್‌ವರ್ಡ್ ಬದಲಿಸುವುದೇ ಅಪಾಯಕ್ಕೆ ದಾರಿಯಾಗಬಹುದು. ಆದ್ದರಿಂದ ತಾಯಿಯನ್ನೂ ಮಗಳನ್ನೂ ಮೊದಲು ಬೇರೆ ಬೇರೆಯಾಗಿ ಕೂರಿಸಿಕೊಂಡು, ಲಾಕ್ ಹಾಕಿದರೆ ಮನೆಯಲ್ಲಿ ಏನಾಗುತ್ತದೆ ಅಂತ ಕೇಳಿದ್ದೆ. ಇಬ್ಬರ ಉತ್ತರದಲ್ಲೂ ಹೆದರಿಕೆ ಕಾಣಲಿಲ್ಲ. ಕಂಡಿದ್ದರೆ ಟ್ಯಾಬ್ ಮುಟ್ಟುವ ಮೊದಲು ಅವರು ಸುರಕ್ಷಿತವಾಗಿರುವುದು ಹೇಗೆ ಅಂತ ಮಾತಾಡುತ್ತಿದ್ದೆ.

ಕೊನೆಯದಾಗಿ ಒಂದು ಒಪ್ಪಂದ ಮಾಡಿಕೊಂಡರು. ಇನ್ನೊಬ್ಬರದ್ದು ಏನಾದರೂ ಕಣ್ಣಿಗೆ ಬಿದ್ದರೆ ಅದೇ ದಿನ ಅವರಿಗೇ ಹೇಳುವುದು. ಹೇಳಿದವರನ್ನು ಯಾರೂ ಬೈಯುವ ಹಾಗಿಲ್ಲ. ಈ ಮಾತನ್ನು ಸೇರಿಸಿದ್ದು ಮಗಳು.

ಒಂದೂವರೆ ತಿಂಗಳ ನಂತರ ತಾಯಿ ಫೋನ್ ಮಾಡಿದ್ದರು. ಹುಡುಗ ಶಾಲೆಗೆ ಹೋಗುತ್ತಿದ್ದಾನೆ. ಹೊಟ್ಟೆನೋವು ಒಂದೆರಡು ಸಲ ಬಂದಿದೆ ಅಷ್ಟೇ. ರಾತ್ರಿ ಒಮ್ಮೊಮ್ಮೆ ಇನ್ನೂ ಎದ್ದು ಬರುತ್ತಾನಂತೆ. ಆದರೆ ಈಗ ಸುಮ್ಮನೆ ನಿಲ್ಲುವುದಿಲ್ಲ, ಅವರನ್ನು ಎಬ್ಬಿಸಿ, "ಅಮ್ಮಾ, ಡಾಕ್ಟರ್ ಹತ್ರ ಹೋಗೋದು ಯಾವತ್ತು?" ಅಂತ ಕೇಳುತ್ತಾನೆ. ದಿನಾಂಕ ಹೇಳಿದರೆ ಹೋಗಿ ಮಲಗುತ್ತಾನೆ.